ಪದಪೆಟ್ಟಿಗೆಯ ಕಂಡಿ

ಸಂತಪುರದಿಂದ ಆ ಫೋನು ಬಂದಾಗ ನಾನು ಬೀದರಿನ ಚಿದ್ರಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಕೂತು ಒಂದು ಮದುವೆ ಪತ್ರಿಕೆಯ ಮರಾಠಿ ಅಕ್ಷರಗಳನ್ನು ತಿದ್ದುತ್ತಿದ್ದೆ.

“ಮೇಡಂ, ನಿಮ್ಮ ಪದಪೆಟ್ಟಿಗಿ ನಾ ಬರದದ್ದನ್ನ ತೋರಸವಲ್ದುರಿ,” ಎಂದಿತು ಆ ಕಡೆಯ ಹೆಣ್ಣು ದನಿ. “ನಾ ಬರದದ್ದರ ಮಾತು ಕೇಳ್ಲಿಕ್ಕತ್ತದ.”

ಪದಪೆಟ್ಟಿಗೆ ಎಂಬುದು ನಾನು ಕಟ್ಟಿಕೊಟ್ಟಿದ್ದ ಒಂದು ಪುಟ್ಟ ವೆಬ್‌ಸೈಟು. ಕಟ್ಟಿಸಿದವರು ಭಾಲ್ಕಿ ತಾಲೂಕಿನ ಸಾಯಗಾಂವದ ನಿವೃತ್ತ ಶಿಕ್ಷಕಿ. ಊರಿನವರಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ. ಮೂವತ್ತು ವರ್ಷ ಅವರು ಮಕ್ಕಳ ನೋಟ್‌ಬುಕ್ಕಿನಲ್ಲಿ ‘ಖೋಲಿ’ ಹೊಡೆದು ‘ಕೋಣೆ’ ಎಂದು, ‘ದಸ್ತಿ’ ಹೊಡೆದು ‘ಕರವಸ್ತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆದವರು. ನಿವೃತ್ತರಾದ ಮೇಲೆ, ತಾವೇ ಹೊಡೆದುಹಾಕಿದ ಆ ಮಾತುಗಳನ್ನೆಲ್ಲ ಮತ್ತೆ ಕೂಡಿಸಬೇಕೆಂಬ ಆಸೆ ಅವರಿಗೆ ಹುಟ್ಟಿತ್ತು. ನಮ್ಮ ಕಡೆಯ ಯಾರು ಬೇಕಾದರೂ ತಮ್ಮ ಮನೆಯ ಮಾತೊಂದನ್ನು ಕಳಿಸಬಹುದು. ಪದ, ಅರ್ಥ, ಊರು ಎಂದು ಮೂರು ಖಾನೆಗಳು. ಬಂದದ್ದನ್ನು ಅಕ್ಕೋರು ಓದಿ ಒಪ್ಪಿದರೆ ಅದು ಪುಟದ ಮೇಲೆ ಕಾಣಿಸುತ್ತದೆ.

ಆ ಮೂರು ಖಾನೆಗಳ ಪೆಟ್ಟಿಗೆಯನ್ನು ನಾನು ಬರೆದಿರಲಿಲ್ಲ. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ಪ್ಲಗಿನ್ ತಂದು ಜೋಡಿಸಿದ್ದೆ. ಬಾಗಿಲನ್ನು ಬಡಗಿಯಿಂದ ಮಾಡಿಸದೆ ಸಿದ್ಧವಾದದ್ದನ್ನೇ ತಂದು ಕೂರಿಸುತ್ತಾರಲ್ಲ, ಹಾಗೆ. ನಮ್ಮಂತಹ ಸಣ್ಣ ಕೆಲಸದವರೆಲ್ಲ ಮಾಡುವುದು ಅದನ್ನೇ. ಅದು ಓಡುತ್ತಿತ್ತು, ಚೆಂದ ಕಾಣುತ್ತಿತ್ತು. ಒಳಗೇನಿದೆ ಎಂದು ನಾನು ಬಿಚ್ಚಿ ನೋಡಿರಲಿಲ್ಲ.

ಫೋನು ಮಾಡಿದಾಕೆ ಔರಾದ ತಾಲೂಕಿನ ಸಂತಪುರದಲ್ಲಿ ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವವರು. ಪೆಟ್ಟಿಗೆಗೆ ಅತಿ ಹೆಚ್ಚು ಪದ ಕಳಿಸುತ್ತಿದ್ದವರು ಅವರೇ ಎಂದು ಅಕ್ಕೋರು ಹೇಳುತ್ತಿದ್ದುದರಿಂದ ನನಗೆ ಅವರ ಪರಿಚಯವಿತ್ತು, ಮುಖ ನೋಡಿರಲಿಲ್ಲ. ಅವರು ಹೇಳಿದ್ದು ಇಷ್ಟು. ಗ್ರಂಥಾಲಯದ ಹಳೆಯ ನಿಘಂಟಿನಲ್ಲಿ ಪದದ ಪಕ್ಕ ಅದು ಯಾವ ಭಾಷೆಯಿಂದ ಬಂದದ್ದೆಂದು ಒಂದಕ್ಷರದ ಗುರುತು ಹಾಕಿರುತ್ತಾರೆ. ಅದನ್ನು ನೋಡಿ ತಾವೂ ಹಾಗೇ ಮಾಡಿದರು. ಮರಾಠಿಯಿಂದ ಬಂದ ‘ಖೋಲಿ’ಯ ಅರ್ಥ ಬರೆದು, ಮುಂದೆ < > ಎಂಬ ಕೋನ ಕಂಸದಲ್ಲಿ ಇಂಗ್ಲಿಷಿನ ಎಂ ಅಕ್ಷರ ಹಾಕಿದರು. ಉರ್ದುವಿನಿಂದ ಬಂದ ‘ದಸ್ತಿ’ಯ ಅರ್ಥ ಬರೆದು, ಅದೇ ಕೋನ ಕಂಸದಲ್ಲಿ ಯು ಅಕ್ಷರ ಹಾಕಿದರು.

“ಎಂ ಹಾಕಿದ್ದು ಪುಟದಾಗ ಕಾಣವಲ್ದುರಿ, ಮಾಯ ಆಗ್ಯದ. ಯು ಹಾಕಿದ್ದೂ ಕಾಣಂಗಿಲ್ಲ, ಆದ್ರ ಅದರ ಕೆಳಗಿನ ಎಲ್ಲಾ ಪದಕ್ಕೂ ಅಡಿಗೆರಿ ಬಿದ್ದಾವ. ಬ್ಯಾರೆಯವರ ಪದಕ್ಕೂ. ನಾ ಬರದ ಒಂದಕ್ಷರ ಬ್ಯಾರೆಯವರ ಪದಕ್ಕ ಗೆರಿ ಹಾಕ್ತದಂದ್ರ, ನಾಳಿ ಮತ್ತೇನೇನು ಮಾಡಬಹುದ್ರಿ?”

ಪುಟ ತೆರೆದು ನೋಡಿದೆ. ಅವರು ಹೇಳಿದಂತೆಯೇ ಇತ್ತು. ‘ದಸ್ತಿ’ಯಿಂದ ಕೆಳಗೆ ಇಡೀ ಪಟ್ಟಿಯೇ ಅಡಿಗೆರೆ ಹಾಕಿಕೊಂಡು ಕೂತಿತ್ತು. ಕೋನ ಕಂಸದೊಳಗಿನ ಯು ಎಂದರೆ ಬ್ರೌಸರಿನ ಭಾಷೆಯಲ್ಲಿ ‘ಇಲ್ಲಿಂದ ಅಡಿಗೆರೆ ಎಳೆ’ ಎಂಬ ಆಜ್ಞೆ. ಓದುಗರು ಬರೆದದ್ದನ್ನು ಪುಟಕ್ಕೆ ಹಾಕುವ ಮೊದಲು ಪ್ಲಗಿನ್ ಇಂಥ ಗುರುತುಗಳ ಹಲ್ಲು ಕೀಳಬೇಕು. ಇದು ಕೀಳುತ್ತಿರಲಿಲ್ಲ. ಅಡಿಗೆರೆಯ ಆಜ್ಞೆ ನಡೆಯುವ ಕಡೆ ಬೇರೆ ಆಜ್ಞೆಯೂ ನಡೆದೀತು. ಇದಕ್ಕೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಎಂಬ ಹೆಸರಿದೆ ಎಂದು ನಾನು ಯಾವುದೋ ಪಾಠದಲ್ಲಿ ಓದಿದ್ದೆ ಕೂಡ.

ಓದಿದ್ದೆ, ಆದರೆ ಮದುವೆ ಪತ್ರಿಕೆ ಆ ದಿನವೇ ಪ್ರೆಸ್ಸಿಗೆ ಹೋಗಬೇಕಿತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಬೀದರಿನಲ್ಲಿ ಕಂಪ್ಯೂಟರಿನ ತೊಡಕು ಬಂದರೆ ಜನ ನನ್ನನ್ನು ಕೇಳುತ್ತಾರೆ. ಹಳ್ಳಿಯ ಗ್ರಂಥಾಲಯದಲ್ಲಿ ಕೂತವರು ನನ್ನ ಕೆಲಸದ ತಪ್ಪು ತೋರಿಸಿದ್ದು ನನಗೆ ಹಿಡಿಸಲಿಲ್ಲ. ಆ ಎರಡು ಗುರುತು ಅಳಿಸಿ, “ಅಂಥಾ ಕಂಸ ಹಾಕಬ್ಯಾಡ್ರಿ, ಬರೇ ಪದ ಬರೀರಿ” ಎಂದು ಹೇಳಿ ಫೋನು ಇಟ್ಟೆ. ಆ ಕಡೆಯವರು “ಆತ್ರಿ” ಎಂದಿದ್ದರು.

ಎರಡು ತಿಂಗಳು ಕಳೆದಿರಬೇಕು. ಭಾಲ್ಕಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪದಪೆಟ್ಟಿಗೆಯ ಬಗ್ಗೆ ಮಾತಾಡಲು ಅಕ್ಕೋರನ್ನು ಕರೆದಿದ್ದರು. ದೊಡ್ಡ ಪರದೆಯ ಮೇಲೆ ಪುಟ ತೆರೆದು, ಮೊದಲ ಪದ ಓದಬೇಕು ಅನ್ನುವಷ್ಟರಲ್ಲಿ ಪುಟ ತಾನಾಗಿಯೇ ಹಾರಿ, ಜೂಜಿನ ಚಕ್ರವೊಂದು ಗಿರಗಿರ ತಿರುಗುತ್ತ, ‘ನೀವು ಗೆದ್ದಿದ್ದೀರಿ’ ಎಂದು ಮಿನುಗಿತು. ಪಕ್ಕದಲ್ಲಿ ಅರೆಬಟ್ಟೆಯ ಹೆಂಗಸರ ಚಿತ್ರ. ಅಕ್ಕೋರು ಮುಚ್ಚಿ ಮತ್ತೆ ತೆರೆದರು. ಮತ್ತೆ ಚಕ್ರ. ಹುಡುಗಿಯರು ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆ ನಕ್ಕರು. ಯಾರೋ ಪರದೆಯ ವೈರು ಕಿತ್ತರು.

ಕಾಲೇಜಿನ ಪಡಸಾಲೆಯಿಂದಲೇ ಅಕ್ಕೋರು ನನಗೆ ಫೋನು ಮಾಡಿದರು. ದನಿ ಬಹಳ ಸಣ್ಣಗಾಗಿತ್ತು.

“ನಾ ಏನರೆ ತಪ್ಪು ಒತ್ತೀನೇನ್ರಿ?”

“ಗೊತ್ತಿಲ್ರಿ ಅಕ್ಕೋರ. ನೋಡಿ ಹೇಳ್ತೇನಿ,” ಎಂದೆ. ಗೊತ್ತಿಲ್ಲ ಎಂದದ್ದು ಪೂರ್ತಿ ನಿಜವಾಗಿರಲಿಲ್ಲ. ಅವರು ಹೇಳುತ್ತಿದ್ದಂತೆಯೇ ನನ್ನ ಕಣ್ಣ ಮುಂದೆ ಬಂದದ್ದು ಆ ಅಡಿಗೆರೆ ಹಾಕಿಕೊಂಡ ಪಟ್ಟಿ.

ಮೊದಲು ಸೈಟನ್ನು ಇಳಿಸಿ, ‘ದುರಸ್ತಿ ನಡೆದಿದೆ’ ಎಂಬ ಒಂದು ಸಾಲು ಹಾಕಿದೆ. ಆಮೇಲೆ ಒಳಗೆ ಹುಡುಕಿದೆ. ಸೈಟಿನ ಯಜಮಾನಿಕೆ ಇದ್ದದ್ದು ನನಗೆ ಮತ್ತು ಅಕ್ಕೋರಿಗೆ ಮಾತ್ರ. ಈಗ ಅಲ್ಲಿ ಮೂರನೆಯದೊಂದು ಖಾತೆ ಇತ್ತು. ಅದು ಹುಟ್ಟಿದ್ದು ಯಾವಾಗ ಎಂದು ನೋಡಿದರೆ, ಹತ್ತು ದಿನದ ಹಿಂದೆ ಬೆಳಿಗ್ಗೆ, ಅಕ್ಕೋರು ಹೊಸದಾಗಿ ಬಂದ ಪದಗಳನ್ನು ಓದುತ್ತಿದ್ದ ಅದೇ ನಿಮಿಷದಲ್ಲಿ. ಆ ಹೊತ್ತು ಅವರು ತೆರೆದಿದ್ದ ಒಂದು ಪದದ ಅರ್ಥದ ಖಾನೆಯಲ್ಲಿ ಕಣ್ಣಿಗೆ ಕಾಣುವಂತೆ ಇದ್ದದ್ದು ಎರಡೇ ಮಾತು. ಅದರ ಬೆನ್ನಿಗೆ, ಕೋನ ಕಂಸಗಳ ನಡುವೆ, ಆಜ್ಞೆಗಳ ಒಂದು ಉದ್ದನೆಯ ಸ್ಕ್ರಿಪ್ಟ್ ಅಡಗಿತ್ತು. ಓದುವವರು ಯಜಮಾನರಾಗಿದ್ದರೆ ಅವರ ಹೆಸರಿನಲ್ಲಿಯೇ ಇನ್ನೊಬ್ಬ ಯಜಮಾನನನ್ನು ಸೃಷ್ಟಿಸು ಎಂಬುದು ಅದರ ಆಜ್ಞೆ. ಹಾಗೆ ಹುಟ್ಟಿದ ಖಾತೆಯಿಂದಲೇ ಯಾರೋ ಪುಟವನ್ನು ಜೂಜಿನ ಕಡೆಗೆ ತಿರುಗಿಸಿದ್ದರು. ಅಕ್ಕೋರು ಏನನ್ನೂ ಒತ್ತಿರಲಿಲ್ಲ. ಓದಿದ್ದರು, ಅಷ್ಟೇ.

ಸಂಜೆ ಅವರಿಂದ ಸಂದೇಶ ಬಂತು. ‘ಇದು ನನ್ನಂಥವರ ಕೈಲಾಗುವ ಕೆಲಸವಲ್ಲ. ನನ್ನ ತಪ್ಪಿನಿಂದ ಮಕ್ಕಳ ಮುಂದೆ ಹೀಗಾಯಿತು. ಪದಪೆಟ್ಟಿಗೆ ಮುಚ್ಚಿಬಿಡೋಣ.’

ಅದನ್ನು ಎಷ್ಟು ಸಲ ಓದಿದೆನೋ. ‘ಆಗಲಿ ಅಕ್ಕೋರೆ’ ಎಂದು ಬರೆದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತ ಉಳಿಯುತ್ತಿದ್ದರು, ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಉತ್ತರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಭಾಲ್ಕಿಯ ಬಸ್ಸು ಹತ್ತಿ, ಅಲ್ಲಿಂದ ಸಾಯಗಾಂವದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಅಕ್ಕೋರು ಅಂಗಳದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟು ನೀರು ತಂದರು. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ.

“ತಪ್ಪು ನಿಮ್ದಲ್ರಿ ಅಕ್ಕೋರ, ನಂದು. ಎರಡು ತಿಂಗಳ ಹಿಂದ ಸಂತಪುರದ ಬಾಯಾರು ನಂಗ ಫೋನ್ ಮಾಡಿ ಇದನ್ನ ಹೇಳಿದ್ರು. ಕಂಡಿ ಎಲ್ಲಿ ಅದ ಅಂತ ಬಟ್ಟು ಮಾಡಿ ತೋರ್ಸಿದ್ರು. ನಾ ಆ ಗುರುತಷ್ಟ ಅಳಿಸಿ ಸುಮ್ನ ಕೂತೆ.”

ಅಕ್ಕೋರು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಮೊರದಲ್ಲಿನ ಒಂದು ಹರಳನ್ನು ತೆಗೆದು ಬದಿಗಿಟ್ಟರು.

“ಗೊತ್ತಿತ್ತು ನಿಮಗ.”

“ಹೌದ್ರಿ.”

“ಅಷ್ಟು ಹುಡುಗ್ಯಾರ ಮುಂದ ನಾ ನಿಂತಿದ್ದೆ.”

“ಹೌದ್ರಿ.”

“ಸಿಟ್ಟು ಬಂದದ ನಂಗ,” ಎಂದರು ಅವರು, ದನಿ ಏರಿಸದೆ. “ಸುಳ್ಳು ಹೇಳಂಗಿಲ್ಲ, ಭಾಳ ಬಂದದ. ಆದ್ರ ರಾತ್ರಿ ಇಡೀ ನಾ ಹುಚ್ಚಿ ಇದ್ದೀನೇನೋ, ಏನ್ ಒತ್ತೀನೋ ಅಂತ ಹಳಹಳಿಸ್ಲಿಕ್ಕತ್ತಿದ್ದೆ. ಅದು ಹೋತು. ಈಗ ಕೂಡ್ರಿ. ಅದು ಹ್ಯಾಂಗ ಆಗ್ತದ ಅಂತ ಹೇಳ್ರಿ. ನಂಗ ತಿಳಿಯೂ ಹಂಗ ಹೇಳ್ರಿ.”

ನಾನು ಸ್ಕ್ರಿಪ್ಟು, ಬ್ರೌಸರು, ಆಜ್ಞೆ ಎಂದೆಲ್ಲ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

“ಉಕ್ತಲೇಖನ ಕೊಡೂ ಮುಂದ ನಾ ‘ಪೂರ್ಣವಿರಾಮ’ ಅಂತೇನಿ. ತಿಳಿದ ಮಕ್ಕಳು ಚುಕ್ಕಿ ಇಡ್ತಾರ. ಸಣ್ಣ ಮಕ್ಕಳು ಪೂರ್ಣವಿರಾಮ ಅಂತ ಪದಾನೇ ಬರೀತಾರ. ಯಾವುದು ಬರಿಯೂ ಮಾತು, ಯಾವುದು ಮಾಡೂ ಮಾತು ಅಂತ ಅವಕ್ಕ ಗೊತ್ತಾಗಂಗಿಲ್ಲ. ಹಂಗ ಏನು ಇದು?”

ಹಾಗೆಯೇ ಎಂದೆ. ಓದುಗರು ಕಳಿಸಿದ್ದೆಲ್ಲ ಬರೆಯುವ ಮಾತು, ಒಂದೂ ಮಾಡುವ ಮಾತಲ್ಲ ಎಂದು ಪ್ಲಗಿನ್ ಬ್ರೌಸರಿಗೆ ಹೇಳಿಕೊಡಬೇಕಿತ್ತು. ನಮ್ಮದು ಹೇಳಿಕೊಟ್ಟಿರಲಿಲ್ಲ. ಅವರ ಮುಖದಲ್ಲಿ ಆ ದಿನ ಮೊದಲ ಸಲ ಏನೋ ಸಡಿಲಾದಂತೆ ಕಂಡಿತು. ತಮ್ಮ ಕೈ ಮೀರಿದ್ದು ಎಂದುಕೊಂಡಿದ್ದ ಸಂಗತಿ ತಮ್ಮದೇ ತರಗತಿಯೊಳಗೆ ಬಂದು ಕೂತಂತೆ ಅನಿಸಿರಬೇಕು.

ಮುಚ್ಚುವ ಮಾತು ಆಮೇಲೆ ಬರಲಿಲ್ಲ. ನನ್ನ ಬಳಿ ಇದ್ದ ಸೈಟಿನ ಕೊನೆಯ ಶುದ್ಧ ಪ್ರತಿ ಮೂರು ವಾರ ಹಳೆಯದು. ಅದರ ನಂತರ ಬಂದ ಪದಗಳು ಹೋದವು ಎಂದು ಅಳುಕುತ್ತ ಹೇಳಿದರೆ, ಅಕ್ಕೋರು ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಒಪ್ಪುವ ಮೊದಲು ಪ್ರತಿ ಪದವನ್ನೂ ಅವರು ಕೈಯಲ್ಲಿ ಬರೆದಿಟ್ಟುಕೊಂಡಿದ್ದರು. ಪರದೆಯ ಮೇಲೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲವಂತೆ. ಆ ಮಧ್ಯಾಹ್ನ ಅವರು ಓದಿದರು, ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದೆ. ‘ಗಡಬಡಿ’ಗೆ ಮೂರು ಊರಿನವರು ಮೂರು ಅರ್ಥ ಕಳಿಸಿದ್ದರು. ಯಾವುದನ್ನೂ ಬಿಡಬಾರದೆಂದು ಮೂರನ್ನೂ ಹಾಕಿದೆವು.

ಹೊರಡುವಾಗ ಅಕ್ಕೋರು ಕೇಳಿದರು. “ಸಂತಪುರದಾಕಿಗೆ ಹೇಳೀರೇನು?”

“ಇನ್ನಾ ಇಲ್ರಿ.”

“ಫೋನ್ದಾಗ ಹೇಳಬ್ಯಾಡ್ರಿ. ಇಬ್ರೂ ಹೋಗೂಣ.”

ಎರಡು ದಿನದ ಮೇಲೆ ಹೋದೆವು. ಗ್ರಂಥಾಲಯ ಒಂದೇ ಕೋಣೆಯದು. ಗೋಡೆಗೆ ಬುದ್ಧನ ಚಿತ್ರ, ಮೇಜಿನ ಮೇಲೆ ಮಡಿಕೆ ಬಿಚ್ಚಿದ ಪತ್ರಿಕೆಗಳು, ಕಿಟಕಿಯ ಬದಿಯಲ್ಲಿ ಒಂದು ಕಂಪ್ಯೂಟರು. ಆಕೆ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವರು, ಮೂವತ್ತರ ಆಸುಪಾಸು. ಅಲ್ಲಿ ಓದುತ್ತಿದ್ದ ಇಬ್ಬರು ಹಿರಿಯರ ಎದುರಿಗೇ ನಾನು ಕ್ಷಮೆ ಕೇಳಿದೆ. ಆಕೆ ಮುಜುಗರಪಟ್ಟು ಕುರ್ಚಿ ಸರಿಸಿದರು.

“ನೀವು ಬ್ಯಾಡ ಅಂದ ಮ್ಯಾಲೆ ನಾ ಮತ್ತ ಫೋನ್ ಮಾಡ್ಲಿಲ್ರಿ,” ಎಂದರು. “ನಂದು ಕಂಪ್ಯೂಟರ್ ಓದೂ ಅಲ್ಲ, ಬಿಎ ಆಗೇದ. ನಂದೇ ತಪ್ಪಿರಬೇಕು ಅನಿಸ್ತು. ಆದ್ರ ಗುರುತು ಮಾಡಿಟ್ಟೀನಿ.”

ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು. ನನಗೆ ಫೋನು ಮಾಡುವ ಮೊದಲು ತಾವು ಯಾವ ಖಾನೆಯಲ್ಲಿ ಏನು ಬರೆದಿದ್ದರು, ಅದು ಪುಟದ ಮೇಲೆ ಏನಾಯಿತು ಎಂದು ಸಾಲು ಸಾಲಾಗಿ ಬರೆದಿದ್ದರು. ಪದದ ಖಾನೆಯಲ್ಲಿ ಕಂಸ ಹಾಕಿದರೆ ಕಂಸವೇ ಕಾಣುತ್ತದೆ. ಅರ್ಥದ ಖಾನೆಯಲ್ಲಿ ಕಾಣುವುದಿಲ್ಲ, ಕೆಲಸ ಮಾಡುತ್ತದೆ. ಊರಿನ ಖಾನೆಯಲ್ಲೂ ಕೆಲಸ ಮಾಡುತ್ತದೆ. ಊರಿನ ಖಾನೆಯ ಸಂಗತಿ ನನಗೂ ಗೊತ್ತಿರಲಿಲ್ಲ. ಪ್ಲಗಿನ್ ಬರೆದವರು ಒಂದು ಖಾನೆಗೆ ಕಾವಲು ಹಾಕಿ ಎರಡಕ್ಕೆ ಮರೆತಿದ್ದರು. ಕಂಪ್ಯೂಟರ್ ಓದದವರು ಒಂದು ಹಾಳೆಯ ಮೇಲೆ ಅದನ್ನು ಬಿಡಿಸಿಟ್ಟಿದ್ದರು.

ಇದು ನಮ್ಮ ಒಂದು ಸೈಟಿನ ಮಾತಲ್ಲ, ಅದೇ ಪ್ಲಗಿನ್ ಇನ್ನೆಷ್ಟೋ ಕಡೆ ಇರುತ್ತದೆ, ಬರೆದವರಿಗೆ ತಿಳಿಸಬೇಕು ಎಂದೆ. ಮೂವರೂ ಆ ಕಿಟಕಿಯ ಬದಿ ಕೂತು ಪತ್ರ ಬರೆದೆವು. ಹಾಳೆಯಲ್ಲಿದ್ದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ, ಅಕ್ಕೋರು ವ್ಯಾಕರಣ ತಿದ್ದಿದರು. ಪ್ಲಗಿನ್ ಬರೆದಾತ ಯಾವುದೋ ದೂರದ ದೇಶದ ಒಬ್ಬನೇ ವ್ಯಕ್ತಿ ಎಂಬುದು ಬಿಟ್ಟರೆ ನಮಗೇನೂ ಗೊತ್ತಿರಲಿಲ್ಲ.

ಒಂದು ವಾರ ಕಳೆಯಿತು, ಉತ್ತರವಿಲ್ಲ. ಅಕ್ಕೋರು ದಿನಾ ಕೇಳುತ್ತಿದ್ದರು. “ಪೇಪರಿಗೆ ಬರೀಲೇನ್ರಿ? ಜನಕ್ಕ ಗೊತ್ತಾಗ್ಲಿ.”

“ಈಗಲೇ ಬ್ಯಾಡ್ರಿ. ಕಂಡಿ ಮುಚ್ಚೂ ಮೊದಲ ಸಾರಿದ್ರ, ಇನ್ನೂ ನಾಕು ಮಂದಿ ಕಳ್ಳರಿಗೆ ದಾರಿ ತೋರ್ಸಿದಂಗ ಆಗ್ತದ. ಅವನಿಗೆ ಮುಚ್ಲಿಕ್ಕ ಸ್ವಲ್ಪ ವ್ಯಾಳ್ಯಾ ಕೊಡೂಣ.”

ಅಷ್ಟರಲ್ಲಿ ನಾನು ನಮ್ಮ ಪ್ರತಿಯಲ್ಲಿ ಆ ಎರಡೂ ಖಾನೆಗಳಿಗೆ ನಾನೇ ಕಾವಲು ಬರೆದೆ. ಎಂಟೇ ಸಾಲು. ಆ ಎಂಟು ಸಾಲು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಜೋಡಿಸುವ ಕೆಲಸ ಇಷ್ಟು ವರ್ಷ ಮಾಡಿದ್ದೆ, ಬಿಚ್ಚಿ ಓದುವ ಕೆಲಸ ಅದೇ ಮೊದಲು. ಓದುತ್ತಾ ಹೋದಂತೆ ಭಯ ಕಡಿಮೆಯಾಗಿ ಕುತೂಹಲ ಹೆಚ್ಚಿತು.

ಒಂಬತ್ತನೆಯ ದಿನ ಉತ್ತರ ಬಂತು. ಹೊಸದಾಗಿ ಮಗು ಹುಟ್ಟಿದ್ದರಿಂದ ಮಿಂಚಂಚೆ ನೋಡಿರಲಿಲ್ಲವಂತೆ. ಆ ಪ್ಲಗಿನ್ ಬರೆದದ್ದು ಬಹಳ ಹಿಂದೆ. ಇನ್ನೂ ಯಾರಾದರೂ ಬಳಸುತ್ತಾರೆ, ಅದೂ ತನಗೆ ಓದಲು ಬಾರದ ಲಿಪಿಯಲ್ಲಿ ಮಾತುಗಳನ್ನು ಕೂಡಿಡಲು ಬಳಸುತ್ತಾರೆ ಎಂದು ತಾನು ಎಣಿಸಿರಲಿಲ್ಲ ಎಂದಿದ್ದ. ತಪ್ಪು ತನ್ನದೇ ಎಂದು ಸುತ್ತುಬಳಸಿಲ್ಲದೆ ಬರೆದಿದ್ದ. ಆ ಸಾಲನ್ನು ಓದಿದಾಗ ಸಾಯಗಾಂವದ ಅಂಗಳದಲ್ಲಿ ನೀರು ಕುಡಿಯುವ ಮೊದಲೇ ನಾನು ಹೇಳಿಬಿಟ್ಟಿದ್ದು ನೆನಪಾಯಿತು. ಜೊತೆಗೆ ಸರಿಪಡಿಸಿದ ಪ್ರತಿಯೊಂದನ್ನು ಪರೀಕ್ಷೆಗೆ ಕಳಿಸಿದ್ದ.

ಅದನ್ನು ಒಂದು ಖಾಲಿ ಪುಟಕ್ಕೆ ಹಾಕಿ, ಸಂತಪುರಕ್ಕೆ ವಿಳಾಸ ಕಳಿಸಿದೆ. ಮರುದಿನ ಮಧ್ಯಾಹ್ನ ಫೋನು ಬಂತು.

“ಹೊಸದಾಗಿ ಬರದ್ರ ಸರಿ ಅದರಿ. ಆದ್ರ ಹಳೇ ಪದ ತಿದ್ದಲಿಕ್ಕ ಹೋದ್ರ ಊರಿನ ಖಾನಿ ಮತ್ತ ಮಾತು ಕೇಳ್ತದ. ತಿದ್ದೂ ಬಾಗಿಲಾ ಅವರು ಮರ್ತಾರ.”

ಆ ಸಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಆಗಲೇ ನೋಡಿದೆ. ನಿಜ. ಬರೆದಾತನಿಗೆ ತಿಳಿಸಿದೆ. ಎರಡು ದಿನದಲ್ಲಿ ಅವನು ಅದನ್ನೂ ಮುಚ್ಚಿ ಎಲ್ಲರಿಗೂ ಹೊಸ ಪ್ರತಿ ಬಿಟ್ಟ. ಹೊಸ ಪ್ರತಿಯ ಟಿಪ್ಪಣಿಯಲ್ಲಿ, ತಪ್ಪು ತೋರಿಸಿಕೊಟ್ಟವರು ಯಾರೆಂದು ಬರೆಯಲಿ ಎಂದು ಕೇಳಿದ್ದ. ಆಕೆ ತಮ್ಮ ಹೆಸರು ಬೇಡವೆಂದರು. ಒತ್ತಾಯಿಸಿದ್ದಕ್ಕೆ, “ಹಳ್ಳಿ ಗ್ರಂಥಾಲಯದ ಒಬ್ಬ ಓದುಗಿ ಅಂತ ಬರೀಲಿ, ಸಾಕು” ಎಂದರು. ಹಾಗೆಯೇ ಬಂತು. ಅದರ ಪ್ರಿಂಟು ತೆಗೆದು ಸಂತಪುರಕ್ಕೆ ಕಳಿಸಲು ಅಕ್ಕೋರು ನನಗೆ ಹೇಳಿದರು. ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಅಕ್ಕೋರು ಭಾಲ್ಕಿಯ ಅದೇ ಕಾಲೇಜಿಗೆ ಮತ್ತೆ ಹೋದರು. ಕರೆದಿರಲಿಲ್ಲ, ತಾವೇ ಕೇಳಿಕೊಂಡು ಹೋದರು. ನಾನು ಹಿಂದೆ ಕೂತಿದ್ದೆ. ಅವರು ಪದಗಳ ಮಾತು ಆಮೇಲೆ ಎತ್ತಿಕೊಂಡರು. ಮೊದಲು, ಹೋದ ಸಲ ಏನಾಗಿತ್ತು, ಯಾಕಾಗಿತ್ತು ಎಂದು ಉಕ್ತಲೇಖನದ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ನಕ್ಕಿದ್ದ ಹುಡುಗಿಯರೇ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು. ನನ್ನ ಹೆಸರನ್ನು ಅವರು ಎತ್ತಲಿಲ್ಲ. ಮಾತು ಮುಗಿದ ಮೇಲೆ ನಾನೇ ಎದ್ದು, ಎಚ್ಚರಿಸಿದ ಮಾತನ್ನು ಕಡೆಗಣಿಸಿ ಕೂತವಳು ನಾನು ಎಂದು ಹೇಳಿದೆ. ಹೇಳಿ ಕೂತೆ. ಪಕ್ಕದ ಹುಡುಗಿ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆಗೆ ಸರಿಸಿದಳು.

ಈಗ ನಾನು ಯಾವ ಪ್ಲಗಿನ್ ತಂದರೂ ಮೊದಲು ಅದರ ಖಾನೆಗಳಲ್ಲಿ ಕೋನ ಕಂಸ ಹಾಕಿ ನೋಡುತ್ತೇನೆ, ಆಮೇಲೆ ಬಿಚ್ಚಿ ಓದುತ್ತೇನೆ. ಎಲ್ಲ ಅರ್ಥವಾಗುತ್ತದೆ ಎಂದಲ್ಲ. ತಿಳಿಯದ ಸಾಲು ಬಂದರೆ ಸಂತಪುರಕ್ಕೆ ಫೋನು ಮಾಡುವುದೂ ಉಂಟು. ಆಕೆ ಈ ನಡುವೆ ಪುಸ್ತಕ ತರಿಸಿಕೊಂಡು ಕಲಿಯುತ್ತಿದ್ದಾರೆ, ನನಗಿಂತ ಒಂದು ಹೆಜ್ಜೆ ಮುಂದಿದ್ದಾರೆ.

ಕಳೆದ ತಿಂಗಳು ಔರಾದದಲ್ಲಿ ತಾಲೂಕಿನ ಹಳ್ಳಿ ಗ್ರಂಥಾಲಯದವರೆಲ್ಲ ಸೇರಿದ್ದರು. ತಮ್ಮ ಸೈಟಿನ ಪುಟಗಳನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಬಗ್ಗೆ ಹೇಳಿಕೊಡಲು ಕೇಳಿದ್ದು ನನ್ನನ್ನು. ನಾನು ಆಕೆಯ ಹೆಸರು ಕೊಟ್ಟು, ಜೊತೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.  ಆಕೆ ಬೋರ್ಡಿನ ಮೇಲೆ ಮೂರು ಖಾನೆ ಬರೆದು ಶುರುಮಾಡಿದರು.

ನಡುವಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕೇಳಿದರು. “ನಾವೇನು ಇಂಜಿನಿಯರ್ ಏನ್ರಿ? ನಮಗಿದು ಹ್ಯಾಂಗ ತಿಳೀತದ?”

“ನಂಗೂ ತಿಳಿದಿದ್ದಿಲ್ರಿ,” ಎಂದರು ಆಕೆ. “ಬರದದ್ದು ಒಂದು, ಕಂಡದ್ದು ಇನ್ನೊಂದು ಆದ್ರ ಅಲ್ಲೇ ನಿಂದರ್ರಿ. ಯಾಕ ಅಂತ ಕೇಳ್ರಿ. ಕೇಳಿದ್ದಕ್ಕ ಸುಮ್ನಿರು ಅಂದ್ರ, ಇನ್ನೊಬ್ಬರನ್ನ ಕೇಳ್ರಿ. ನಿಮ್ಮ ಗ್ರಂಥಾಲಯಕ್ಕ ಸೈಟ್ ಅದ ಏನ್ರಿ?”

“ಅದರಿ. ಅಭಿಪ್ರಾಯ ಬರಿಯೂ ಖಾನಿನೂ ಅದ.”

“ತೆಗೀರಿ ಹಂಗಾರ. ನೋಡೂಣ.”

ಆ ಹೆಂಗಸು ಚೀಲದಿಂದ ಮೊಬೈಲು ತೆಗೆದು, ಕನ್ನಡಕ ಏರಿಸಿಕೊಂಡು, ತಮ್ಮ ಊರಿನ ಪುಟವನ್ನು ಹುಡುಕತೊಡಗಿದರು. ಅಕ್ಕಪಕ್ಕದವರು ಎದ್ದು ಅವರ ಸುತ್ತ ಬಂದು ನಿಂತರು. ನನಗೂ ಕೊನೆಯ ಬೆಂಚಿನಲ್ಲಿ ಕೂತಿರಲು ಆಗಲಿಲ್ಲ.